ಆಪ್ಷನ್ ಎಂಟ್ರಿಯಲ್ಲಿ ದೊಡ್ಡ ಕಾಲೇಜನ್ನ ಮೇಲೆ ಹಾಕಿದ್ರೆ ಚಿಕ್ಕದೂ ಕೈತಪ್ಪುತ್ತಾ?

[ಲ್ಯಾಪ್‌ಟಾಪ್ ಪರದೆ, ಕಾಲೇಜ್ ಲಿಸ್ಟ್ ಕೆಳಗೆ ಕೆಳಗೆ ಓಡ್ತಾ ಇದೆ]

ನಮ್ಮ ಚಿಕ್ಕಮ್ಮನ ಮಗಳು ಹಾಸನದಲ್ಲಿ ಸೆಕೆಂಡ್ ಪಿಯುಸಿ ಮುಗ್ಸಿದಾಳೆ, ಸಿಇಟಿ ಬರೆದು ಇಂಜಿನಿಯರಿಂಗ್ ಸೀಟಿಗೆ ಕಾಲೇಜ್ ಲಿಸ್ಟ್ ಮಾಡ್ತಿದಾಳೆ. ಮೊನ್ನೆ ರಾತ್ರಿ ಹನ್ನೊಂದೂವರೆಗೆ ಫೋನ್ ಮಾಡಿ, "ಅಣ್ಣಾ, ನನ್ ರ್‍ಯಾಂಕಿಗೆ ಬೆಂಗಳೂರಿನ ಯುವಿಸಿಇ ಕಾಲೇಜಲ್ಲಿ ಕಂಪ್ಯೂಟರ್ ಸೈನ್ಸ್ ಬರಲ್ಲ ಅಂತ ಗೊತ್ತು, ಆದ್ರೂ ಆಸೆಗೆ ಮೊದಲನೇ ನಂಬರಿಗೆ ಹಾಕಿದ್ರೆ ಕೆಳಗಿರೋ ನಮ್ಮೂರ ಕಾಲೇಜೂ ಹೋಗ್ಬಿಡುತ್ತಾ?" ಅಂದ್ಲು. ನಾನು ದೊಡ್ಡ ತಿಳಿದವನ ಥರ "ಇಲ್ಲಮ್ಮ, ಏನೂ ಆಗಲ್ಲ" ಅಂದೆ. "ಯಾಕೆ ಆಗಲ್ಲ?" ಅಂದ್ಲು. ಅಲ್ಲಿ ಸಿಕ್ಕಾಕ್ಕೊಂಡೆ. ಗೊತ್ತಿತ್ತು, ಆದ್ರೆ ಯಾಕೆ ಅಂತ ಗೊತ್ತಿರಲಿಲ್ಲ. ಅದನ್ನ ಹುಡುಕ್ಕೊಂಡು ಹೋದವನು ಮಲ್ಲೇಶ್ವರದಿಂದ ಬೋಸ್ಟನ್ ತನಕ ಹೋಗಿ ಬಂದಿದೀನಿ, ಕೂತಲ್ಲೇ.

[ಟೈಟಲ್]

ನಮಸ್ಕಾರ. ಬೇಸಿಕ್ಸ್ ಬೇಗ ಮುಗಿಸ್ತೀನಿ, ಯಾಕಂದ್ರೆ ಇದು ನೋಡ್ತಿರೋರಲ್ಲಿ ಮುಕ್ಕಾಲು ಜನಕ್ಕೆ ಇದು ಬಾಯಿಪಾಠ. ಕೆಇಎ ಅಂದ್ರೆ ಮಲ್ಲೇಶ್ವರದಲ್ಲಿರೋ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಸಿಇಟಿ ನಡೆಸೋದು ಅವ್ರೇ, ಸೀಟು ಹಂಚೋದೂ ಅವ್ರೇ. ಒಂದೊಂದು ಸಬ್ಜೆಕ್ಟಿಗೆ 60 ಮಾರ್ಕ್ಸು, ಇಂಜಿನಿಯರಿಂಗ್ ರ್‍ಯಾಂಕಿಗೆ ಫಿಸಿಕ್ಸ್ ಕೆಮಿಸ್ಟ್ರಿ ಮ್ಯಾಥ್ಸಲ್ಲಿ ಸಿಇಟಿದು ಅರ್ಧ, ಪಿಯುಸಿದು ಅರ್ಧ. ಮೊದಲು ಅರ್ಜಿ, ಆಮೇಲೆ ಪರೀಕ್ಷೆ, ರ್‍ಯಾಂಕು, ದಾಖಲೆ ಪರಿಶೀಲನೆ, ಆಪ್ಷನ್ ಎಂಟ್ರಿ, ಮಾಕ್ ಅಲಾಟ್‌ಮೆಂಟು, ನಿಜವಾದ ಅಲಾಟ್‌ಮೆಂಟು. ಉಸಿರು ಬಂತಾ? ಸರಿ.

ಆಪ್ಷನ್ ಎಂಟ್ರಿ ಅಂದ್ರೆ ನಿಮಗೆ ಬೇಕಾದ ಕಾಲೇಜು ಮತ್ತೆ ಕೋರ್ಸನ್ನ ಒಂದರ ಕೆಳಗೆ ಒಂದು ಜೋಡಿಸೋದು. ಕಾಲೇಜಿಗೆ ಒಂದು ಕೋಡು, ಕೋರ್ಸಿಗೆ ಒಂದು ಕೋಡು. ಇ001 ಅಂದ್ರೆ ಯುವಿಸಿಇ, ವಿಶ್ವೇಶ್ವರಯ್ಯನವರು 1917ರಲ್ಲಿ ಶುರು ಮಾಡಿಸಿದ ಕಾಲೇಜು, ಹಾಗಾಗಿ ಒಂದನೇ ನಂಬರ್ ಅವ್ರಿಗೇ ಸಿಕ್ಕಿದ್ರೆ ನನಗೇನೂ ತಕರಾರಿಲ್ಲ.

ಈಗ ಪ್ರಶ್ನೆ. ಇದಕ್ಕೆ ಉತ್ತರ ಇರೋದು ಹಳೇ ಕಾಲದ ಕೌನ್ಸೆಲಿಂಗಲ್ಲಿ. ಆನ್‌ಲೈನ್ ಬರೋ ಮುಂಚೆ ಹುಡುಗ್ರು ಅಪ್ಪನ ಜೊತೆ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಪ್ಲಾಸ್ಟಿಕ್ ಕವರಲ್ಲಿ ಹಾಕ್ಕೊಂಡು, ರಾತ್ರಿ ಬಸ್ ಹತ್ತಿ ಬೆಂಗಳೂರಿಗೆ ಬಂದು, ಹಾಲಲ್ಲಿ ಕಾಯ್ತಾ ಕೂರ್ತಿದ್ರು. ಎದುರಿಗೆ ಪರದೆ, ಅದರಲ್ಲಿ ಯಾವ ಕಾಲೇಜಲ್ಲಿ ಎಷ್ಟು ಸೀಟು ಉಳಿದಿದೆ ಅಂತ ಕಾಣ್ತಿತ್ತು. ರ್‍ಯಾಂಕ್ ಪ್ರಕಾರ ಕರೀತಿದ್ರು. ನಿಮ್ಮ ಸರದಿ ಬಂದಾಗ ಉಳಿದಿರೋದ್ರಲ್ಲಿ ಬೇಕಾದ್ದನ್ನ ಆರಿಸ್ಕೊಂಡು ಎದ್ದು ಬರೋದು. ನೀವು ನೋಡ್ತಾ ನೋಡ್ತಾನೇ ನಿಮ್ಮ ಮುಂದಿನವನು ನಿಮ್ಮ ಸೀಟು ಎತ್ಕೊಂಡು ಹೋಗ್ತಿದ್ದ. ಬ್ಲಡ್ ಪ್ರೆಶರ್ ಬರೋಕೆ ಇಷ್ಟು ಸಾಕು.

ಈಗಿನ ಆಪ್ಷನ್ ಎಂಟ್ರಿ ಅದೇ ಹಾಲು. ನೀವು ಬರೋ ಬದಲು ಒಂದು ಚೀಟಿ ಕಳಿಸ್ತೀರ. "ಸ್ವಾಮಿ, ನನ್ನ ಸರದಿ ಬಂದಾಗ ಇದು ಖಾಲಿ ಇದ್ರೆ ಇದು ಕೊಡಿ, ಇಲ್ಲಾಂದ್ರೆ ಅದು, ಅದೂ ಇಲ್ಲಾಂದ್ರೆ ಇನ್ನೊಂದು." ಕಂಪ್ಯೂಟರ್ ಒಂದನೇ ರ್‍ಯಾಂಕಿನವರ ಚೀಟಿ ಮೊದಲು ಓದುತ್ತೆ, ಆಮೇಲೆ ಎರಡು, ಮೂರು, ಹಾಗೇ ಇಳೀತಾ ಬರುತ್ತೆ. ನಿಮ್ಮ ಚೀಟಿ ತೆಗೆದಾಗ ಮೇಲಿಂದ ಓದ್ತಾ ಹೋಗುತ್ತೆ, ಒಂದೊಂದು ಸಾಲಿಗೂ ಎಲ್ರಿಗೂ ತೆರೆದಿರೋ ಜನರಲ್ ಮೆರಿಟ್ ಸೀಟೂ ನೋಡುತ್ತೆ ನಿಮ್ಮ ಮೀಸಲಾತಿ ಸೀಟೂ ನೋಡುತ್ತೆ, ಮೊದಲು ಖಾಲಿ ಕಂಡ ಕಡೆ ನಿಲ್ಲುತ್ತೆ.

[ಇಲ್ಲಿ ಬಸ್ಸಿನ ಚಿತ್ರ, ಕಿಟಕಿಯಿಂದ ಒಳಗೆ ಬೀಳ್ತಿರೋ ಟವೆಲ್]

ಇಲ್ಲಿ ನನ್ನ ಇಷ್ಟದ ಉದಾಹರಣೆ. ಹಬ್ಬದ ಹಿಂದಿನ ದಿನ ಬಸ್ ಸ್ಟ್ಯಾಂಡು, ಬಸ್ ಇನ್ನೂ ನಿಂತಿರಲ್ಲ, ಕಿಟಕಿಯಿಂದ ಟವೆಲ್ಲು, ಕರ್ಚೀಫು, ಒಂದ್ಸಲ ಒಬ್ರು ಮಗೂನೇ ಒಳಗೆ ದಾಟಿಸಿದ್ದು ನೋಡಿದೀನಿ. ನಮ್ಮ ತಲೇಲಿ ಆಪ್ಷನ್ ಎಂಟ್ರಿ ಅಂದ್ರೂ ಇದೇ. ಯಾವ ಸೀಟಿಗೆ ಟವೆಲ್ ಮೊದಲು ಬಿತ್ತೋ ಅದು ಅವರದ್ದು, ನಾನು ಟವೆಲ್ಲನ್ನ ಕಿಟಕಿ ಸೀಟಿಗೆ ಹಾಕಿ ಅದು ಸಿಗದೇ ಹೋದ್ರೆ ಅಷ್ಟರಲ್ಲಿ ಹಿಂದಿನ ಸೀಟೂ ತುಂಬಿರುತ್ತೆ ಅನ್ನೋ ಭಯ. ಆದ್ರೆ ಕೆಇಎ ಬಸ್ಸಲ್ಲಿ ಟವೆಲ್ ಹಾಕೋ ಹಾಗಿಲ್ಲ. ಎಲ್ರೂ ಸಾಲಲ್ಲಿ ನಿಂತಿದಾರೆ, ಒಬ್ಬರಾದ ಮೇಲೆ ಒಬ್ರು ಹತ್ತಬೇಕು, ನಿಮ್ಮ ಹಿಂದೆ ಇರೋನು ನಿಮಗಿಂತ ಮುಂಚೆ ಹತ್ತೋಕೆ ಆಗಲ್ಲ. ನೀವು ಹತ್ತಿದ ಮೇಲೆ ಕಿಟಕಿ ಸೀಟು ನೋಡಿದ್ರಿ, ಇಲ್ಲ, ಸರಿ, ಪಕ್ಕದ್ದು ನೋಡಿದ್ರಿ. ಕಿಟಕಿ ಕಡೆ ನೋಡಿದ್ದಕ್ಕೆ ಯಾರೂ ದಂಡ ಹಾಕಲ್ಲ.

ಹಾಗಾದ್ರೆ ಭಯ ಬರೀ ಹುಚ್ಚಾ? ಇಲ್ಲ ಕಣ್ರೀ, ಇಲ್ಲೇ ನನಗೆ ಮಜಾ ಸಿಕ್ಕಿದ್ದು. ಟವೆಲ್ ಪದ್ಧತಿ ನಿಜವಾಗ್ಲೂ ಇತ್ತು, ಅಮೆರಿಕದ ಬೋಸ್ಟನ್ ಊರಲ್ಲಿ, ಸರ್ಕಾರಿ ಶಾಲೆ ಸೀಟು ಹಂಚೋಕೆ. ಅಲ್ಲಿ ಮೊದಲ ಸುತ್ತಲ್ಲಿ ಎಲ್ರದ್ದೂ ಮೊದಲನೇ ಆಯ್ಕೆ ಮಾತ್ರ ನೋಡೋರು. ಒಂದು ಶಾಲೇನ ಮೊದಲನೇದಾಗಿ ಬರೆದವರಿಂದಲೇ ಅದು ತುಂಬಿಹೋದ್ರೆ, ಎರಡನೇದಾಗಿ ಬರೆದ ಮಗುಗೆ ಹೆಚ್ಚಿನ ಅರ್ಹತೆ ಇದ್ರೂ ಸೀಟಿಲ್ಲ. ಅಂದ್ರೆ ಡಿಮ್ಯಾಂಡ್ ಇರೋ ಶಾಲೇನ ಮೇಲೆ ಹಾಕಿ ತಪ್ಪಿಸ್ಕೊಂಡ್ರೆ ಎರಡನೇದೂ ಹೋಯ್ತು. ನಮ್ ಹುಡ್ಗಿ ಹೆದರಿದ್ದು ಅಕ್ಷರಶಃ ಇದಕ್ಕೇ! ಅಲ್ಲಿನ ಅಪ್ಪ ಅಮ್ಮಂದಿರು ಗುಂಪು ಕಟ್ಕೊಂಡು, ಯಾವುದನ್ನ ಮೇಲೆ ಬರೆದ್ರೆ ಸೇಫು ಅಂತ ಮೀಟಿಂಗ್ ಮಾಡ್ತಿದ್ರು. ನಮ್ಮ ಪೇರೆಂಟ್ಸ್ ವಾಟ್ಸಾಪ್ ಗ್ರೂಪ್ ನೆನಪಾಯ್ತು, ಬೆಳಗ್ಗೆ ಗುಡ್ ಮಾರ್ನಿಂಗ್ ಹೂವಿನ ಫೋಟೋ ಮಾತ್ರ ಅಲ್ಲಿರಲಿಲ್ಲ ಅನ್ಸುತ್ತೆ. ಅರ್ಥಶಾಸ್ತ್ರಜ್ಞರು ಇದು ಪ್ರಾಮಾಣಿಕವಾಗಿ ಬರೆಯೋ ಮಕ್ಕಳಿಗೆ ಮೋಸ ಅಂತ ತೋರಿಸಿಕೊಟ್ರು, 2005ರಲ್ಲಿ ಬೋಸ್ಟನ್ ಆ ಪದ್ಧತಿ ಕೈಬಿಡ್ತು.

ಅದರ ಬದಲು ತಂದಿದ್ದು 1962ರ ಒಂದು ಐಡಿಯಾ. ಡೇವಿಡ್ ಗೇಲ್, ಲಾಯ್ಡ್ ಶಾಪ್ಲಿ ಅಂತ ಇಬ್ರು ಗಣಿತದೋರು ಏಳೇ ಪುಟದ ಲೇಖನ ಬರೆದ್ರು, ವಿಷಯ ಕಾಲೇಜ್ ಅಡ್ಮಿಷನ್ ಮತ್ತು ಮದುವೆ. ಹೌದು, ಎರಡೂ ಒಟ್ಟಿಗೆ! ನಮ್ಮನೇಲೂ ಈ ಎರಡು ವಿಷಯ ಒಟ್ಟಿಗೇ ಬರುತ್ತೆ, ಬೇರೆ ಕಾರಣಕ್ಕೆ. ಅದರಲ್ಲಿ ಉಪಾಯ ಏನಂದ್ರೆ, ಹುಡುಗರು ತಮ್ಮ ಲಿಸ್ಟ್ ಪ್ರಕಾರ ಕಾಲೇಜಿಗೆ ಕೇಳ್ತಾ ಹೋಗ್ತಾರೆ, ಕಾಲೇಜು ಯಾರಿಗೂ ಪಕ್ಕಾ ಹೇಳಲ್ಲ, "ಸದ್ಯಕ್ಕೆ ಇರಿ" ಅಂತ ಹಿಡ್ಕೊಳ್ಳುತ್ತೆ, ಆಮೇಲೆ ಅವರಿಗಿಂತ ಮೇಲಿನವರು ಬಂದ್ರೆ ಇವರನ್ನ ಬಿಡುತ್ತೆ, ಬಿಟ್ಟವರು ಮುಂದಿನ ಕಾಲೇಜಿಗೆ ಹೋಗಿ ಕೇಳ್ತಾರೆ, ಅಲ್ಲಿ ತಡವಾಗಿ ಬಂದ್ರಿ ಅನ್ನೋ ಮಾತೇ ಇಲ್ಲ. ಥೇಟ್ ಗಂಡಿನ ಕಡೆಯವರು "ಊರಿಗೆ ಹೋಗಿ ತಿಳಿಸ್ತೀವಿ" ಅನ್ನೋದು. ಎಲ್ಲಾ ಕಾಲೇಜೂ ಒಂದೇ ರ್‍ಯಾಂಕ್ ಲಿಸ್ಟ್ ನೋಡಿದ್ರೆ ಈ ಇಡೀ ಓಡಾಟ ಕೊನೆಗೆ ನಮ್ಮ ಬಸ್ ಸಾಲಿನಷ್ಟೇ ಸರಳ ಆಗುತ್ತೆ.

ಪಿಸಿಎಂಬಿ, ಅಂದ್ರೆ ಸೈನ್ಸ್ ಹುಡುಗರಿಗೆ ಒಂದು ವಿಷಯ ಹೇಳ್ಲೇಬೇಕು. ಆ ಲೇಖನದ ಕೊನೇಲಿ ಅವರೇ ಬರ್ಕೊಂಡಿದಾರೆ, ವಾದದಲ್ಲಿ ಗಣಿತದ ಚಿಹ್ನೆ ಇಲ್ಲ, ಕ್ಯಾಲ್ಕುಲಸ್ ಬರಬೇಕಾಗಿಲ್ಲ, ಎಣಿಸೋಕೆ ಬಂದ್ರೂ ಬರದಿದ್ರೂ ನಡೆಯುತ್ತೆ ಅನ್ನೋ ಅರ್ಥದಲ್ಲಿ. ಎರಡು ವರ್ಷ ಇಂಟಿಗ್ರೇಷನ್ ಮಾಡಿ ಮಾಡಿ ಸೀಟು ತಗೊಳ್ತೀವಲ್ಲ, ಆ ಸೀಟು ಹಂಚೋ ಲೆಕ್ಕದ ಮೂಲದಲ್ಲಿ ಒಂದು ಫಾರ್ಮುಲಾ ಇಲ್ಲ. 2012ರಲ್ಲಿ ಶಾಪ್ಲಿಗೆ ಅರ್ಥಶಾಸ್ತ್ರದ ನೊಬೆಲ್ ಬಂತು, ಇದನ್ನ ಬಳಕೆಗೆ ತಂದ ಆಲ್ವಿನ್ ರಾತ್ ಜೊತೆ. ಗೇಲ್ 2008ರಲ್ಲೇ ತೀರ್ಕೊಂಡಿದ್ರು, ಅವರಿಗೆ ಸಿಗಲಿಲ್ಲ. ಪಾಪ ಅನ್ಸುತ್ತೆ ನಂಗೆ.

[ಟೈಮರ್ ತೋರಿಸಿ. ಎಡಿಟರ್ "ಸಾಕು" ಅಂತ ಕೈ ಮಾಡ್ತಿದಾನೆ]

ಆಯ್ತಪ್ಪ, ಬಂದೆ. ಅಂದ್ರೆ ನಿಮ್ಮ ಲಿಸ್ಟಲ್ಲಿ ಕ್ರಮ ನಿಮ್ಮ ಆಸೆ ಪ್ರಕಾರ ಇರಲಿ, ರ್‍ಯಾಂಕ್ ಪ್ರಕಾರ ಅಲ್ಲ. ಹಿಂದಿನ ವರ್ಷದ ಕಟಾಫ್ ನೋಡಿ ಉದ್ದ ಎಷ್ಟಿರಬೇಕು, ಕೆಳಗೆ ಏನೇನು ಸೇರಿಸಬೇಕು ಅಂತ ತೀರ್ಮಾನ ಮಾಡಿ, ಕ್ರಮಕ್ಕೆ ಅದನ್ನ ಬಳಸ್ಬೇಡಿ. ಡೇಂಜರ್ ಇರೋದು ಬೇರೆ ಕಡೆ. ಸೇರೋ ಮನಸ್ಸೇ ಇಲ್ಲದ ಕಾಲೇಜನ್ನ "ಇರ್ಲಿ ಬಿಡು" ಅಂತ ನಡುವೆ ತೂರಿಸಿದ್ರೆ ಕಂಪ್ಯೂಟರ್ ಅದನ್ನೇ ಕೊಡುತ್ತೆ, ಅದಕ್ಕೆ ನಿಮ್ಮ ಮುಖ ನೋಡೋಕೆ ಬರಲ್ಲ. ಹಾಗೇ ಫೀಸ್ ಕಾಲಂ ಕಡೆ ಕಣ್ಣಿರಲಿ.

ಸೀಟು ಬಂದ ಮೇಲೆ ನಾಲ್ಕು ಛಾಯ್ಸ್. ಒಂದು, ಖುಷಿಯಾಗಿದೆ, ಫೀಸ್ ಕಟ್ಟಿ ಸೇರ್ತೀನಿ. ಎರಡು, ಇದನ್ನ ಇಟ್ಕೊಂಡು ಮುಂದಿನ ರೌಂಡಲ್ಲಿ ಮೇಲಿನದಕ್ಕೆ ಕಾಯ್ತೀನಿ. ಮೂರು, ಇದು ಬೇಡ, ಮುಂದಿನ ರೌಂಡಿಗೆ ಬಿಡಿ. ನಾಲ್ಕು, ಈ ಆಟವೇ ಬೇಡ. ಎರಡನೇದು ತಗೊಂಡು ಮುಂದಿನ ರೌಂಡಲ್ಲಿ ಮೇಲಿನ ಆಪ್ಷನ್ ಬಂತು ಅಂದ್ರೆ ಕೈಲಿದ್ದ ಸೀಟು ತಾನಾಗೇ ಹೋಗುತ್ತೆ, ಆದ್ದರಿಂದ ಮನಸ್ಸು ಬದಲಾಗಿದ್ರೆ ಮೇಲಿನ ಆ ಸಾಲನ್ನ ಟೈಮಿಗೆ ಮುಂಚೆ ಅಳಿಸಿ. ಮಾಕ್ ಅಲಾಟ್‌ಮೆಂಟಲ್ಲಿ ಬಂದಿದ್ದು ಬರೀ ರಿಹರ್ಸಲ್ಲು, ಅದನ್ನ ನೋಡಿ ಎಲ್ರೂ ಲಿಸ್ಟ್ ಬದಲಾಯಿಸ್ತಾರೆ, ಹಾಗಾಗಿ ಅದಕ್ಕೇ ಸ್ವೀಟ್ ಹಂಚ್ಬೇಡಿ.

ಇನ್ನು ಅರ್ಜಿ ತುಂಬೋರಿಗೆ ಒಂದೇ ಉಸಿರಲ್ಲಿ. ಹೆಸರು ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಲ್ಲಿ ಇದ್ದ ಹಾಗೇ. ಜಾತಿ, ಆದಾಯ ಪ್ರಮಾಣಪತ್ರದ ಮೇಲಿರೋ ಆರ್‌ಡಿ ನಂಬರ್ ನಾಡಕಚೇರಿಯಿಂದ ಮೊದಲೇ ತಗೊಂಡಿಟ್ಟಿರಿ. ಗ್ರಾಮೀಣ ಕೋಟಾಕ್ಕೆ ನಿಮ್ಮ ಮನೆ ಹಳ್ಳೀಲಿದ್ರೆ ಸಾಲದು, ಒಂದರಿಂದ ಹತ್ತರ ತನಕ ಹತ್ತೂ ವರ್ಷ ಓದಿದ ಶಾಲೆ ಹಳ್ಳೀಲಿರಬೇಕು, ನಮ್ಮ ಎಷ್ಟೋ ಹುಡುಗರು ಪಕ್ಕದ ಟೌನಿಗೆ ಸ್ಕೂಲ್ ವ್ಯಾನಲ್ಲಿ ಹೋಗಿ ಇದನ್ನ ಕಳ್ಕೊಂಡಿದಾರೆ. ಕನ್ನಡ ಮಾಧ್ಯಮಕ್ಕೂ ಅದೇ ಹತ್ತು ವರ್ಷ. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರದವರು ಕಲ್ಯಾಣ ಕರ್ನಾಟಕದ ಮೀಸಲಾತಿಗೆ ಬೇಕಾದ 371ಜೆ ಅರ್ಹತಾ ಪತ್ರಕ್ಕೆ ಎಸಿ, ಅಂದ್ರೆ ಅಸಿಸ್ಟೆಂಟ್ ಕಮಿಷನರ್ ಆಫೀಸಿಗೆ ಬೇಗ ಹೋಗಿ. ಹೊರನಾಡು, ಗಡಿನಾಡು ಕನ್ನಡಿಗರಿಗೆ 50 ಮಾರ್ಕ್ಸಿನ ಕನ್ನಡ ಪರೀಕ್ಷೆ ಬೇರೆ ಇದೆ, ಮರೀಬೇಡಿ.

ಮೊಬೈಲ್ ನಂಬರ್ ನಿಮ್ಮದೇ ಕೊಡಿ. ನನ್ನ ಅರ್ಜಿ ತುಂಬಿಕೊಟ್ಟ ನಮ್ಮೂರ ಸೈಬರ್ ಅಣ್ಣ, ಒಳ್ಳೆ ಮನುಷ್ಯ, ಬೇಗ ಆಗ್ಲಿ ಅಂತ ತನ್ನ ನಂಬರೇ ಹಾಕ್ಬಿಟ್ಟಿದ್ದ. ಒಟಿಪಿ ಎಲ್ಲಾ ಅವನಿಗೆ ಹೋಗೋದು. ಛಾಯ್ಸ್ ಕೊಡೋ ಕಡೇ ದಿನ ಅವನು ತಂಗಿ ಮದುವೆಗೆ ಧರ್ಮಸ್ಥಳಕ್ಕೆ ಹೋಗಿದ್ದ, ತಾಳಿ ಕಟ್ಟೋ ಹೊತ್ತಲ್ಲಿ ಫೋನ್ ಎತ್ತಿ ಆರು ಅಂಕಿ ಕೂಗಿ ಹೇಳಿದ, ಹಿಂದೆ ವಾಲಗದ ಸದ್ದಿಗೆ ನಂಗೆ ಕೇಳಿದ್ದು ಐದು.