ಮಳೆಗೂ ಕಾಲಿದೆ, ಉಸಿರಿದೆ, ಕೋಪ ಇದೆ: ಸಾನ್ ಜನರ ಗುಡುಗು ಮಿಂಚಿನ ಕಥೆಗಳು

[ದೃಶ್ಯ: ಒಣ ಬಯಲು, ದೂರದಲ್ಲಿ ಕರೀ ಮೋಡ]

ನಮಸ್ಕಾರ ಎಲ್ರಿಗೂ. ಅಲ್ಲಿ ದೂರದಲ್ಲಿ ನೋಡಿ, ಮೋಡದಿಂದ ನೆಲದವರೆಗೂ ಕಂಬ ಕಂಬವಾಗಿ ಮಳೆ ಇಳೀತಾ ಇದೆಯಲ್ಲ, ಇದನ್ನ ದಕ್ಷಿಣ ಆಫ್ರಿಕಾದ ಖಾಮ್ ಜನ ಮಳೆಯ ಕಾಲುಗಳು ಅಂತ ಕರೀತಿದ್ರು. ಸುಮ್ನೆ ಚೆಂದಕ್ಕೆ ಹೇಳಿದ ಮಾತಲ್ಲ ಇದು, ಅವರ ಪಾಲಿಗೆ ಮಳೆ ಅಂದ್ರೆ ನಿಜವಾಗ್ಲೂ ನಡ್ಕೊಂಡು ಬರೋ ಒಂದು ದೊಡ್ಡ ಪ್ರಾಣಿ, ಮಂಜು ಅಂದ್ರೆ ಅದು ಬಿಡೋ ಉಸಿರು.

ಖಾಮ್ ಅಂದ್ರೆ ಆಫ್ರಿಕಾದ ದಕ್ಷಿಣ ಭಾಗದ ಮೂಲನಿವಾಸಿಗಳಾದ ಸಾನ್ ಜನರಲ್ಲೇ ಒಂದು ಗುಂಪು, ಕರೂ ಅನ್ನೋ ಒಣ ಸೀಮೇಲಿ ಬೇಟೆ ಆಡ್ಕೊಂಡು, ಗೆಡ್ಡೆ ಅಗೆದು ತಿಂದ್ಕೊಂಡು ಬದುಕಿದ್ದೋರು. ಅವರ ಭಾಷೇಲಿ ಮಳೆಗೂ ನೀರಿಗೂ ಒಂದೇ ಹೆಸರು, ಕ್ವಾ. ನಾನು ಹೇಳ್ತಿರೋದು ಪೂರ್ತಿ ಸರಿ ಇಲ್ಲ, ಯಾಕಂದ್ರೆ ಅದರ ಮೊದಲಲ್ಲಿ ನಾಲಿಗೇನ ಅಂಗುಳಿಗೆ ಒತ್ತಿ ಟಕ್ ಅಂತ ಬಿಡೋ ಒಂದು ಸದ್ದು ಬರ್ಬೇಕು, ಅದಕ್ಕೆ ನಮ್ಮ ಲಿಪೀಲಿ ಅಕ್ಷರಾನೇ ಇಲ್ಲ.

[ದೃಶ್ಯ: ಹಳೇ ನೋಟ್‌ಬುಕ್ ಪುಟಗಳು]

ಇದೆಲ್ಲ ನಮಗೆ ಗೊತ್ತಾಗಿದ್ದು ಹೇಗೆ ಅಂತ ಹೇಳಲೇಬೇಕು. 1870ರಲ್ಲಿ ಕೇಪ್‌ಟೌನ್ ಜೈಲಲ್ಲಿ ಖಾಮ್ ಗಂಡಸರು ಕೆಲವರು ಕೈದಿಗಳಾಗಿದ್ರು. ವಿಲ್ಹೆಲ್ಮ್ ಬ್ಲೀಕ್ ಅನ್ನೋ ಜರ್ಮನ್ ಭಾಷಾತಜ್ಞ, ಅವರ ನಾದಿನಿ ಲೂಸಿ ಲಾಯ್ಡ್, ಇಬ್ರೂ ಸೇರಿ ಅಂಥವರನ್ನ ತಮ್ಮ ಮನೇಲಿ ಇರಿಸ್ಕೊಂಡು ಮಾತು ಕಲಿತು ಕಥೆ ಬರ್ಕೊಂಡ್ರು. 1875ರಲ್ಲಿ ಬ್ಲೀಕ್ ತೀರಿಹೋದ್ರು, ಆಮೇಲೂ ಲೂಸಿ ಲಾಯ್ಡ್ ವರ್ಷಗಟ್ಟಲೆ ಬಿಡದೆ ಬರೆದ್ರು, ಒಟ್ಟು 12,000ಕ್ಕೂ ಹೆಚ್ಚು ಪುಟ. ಇವತ್ತು ಆ ಭಾಷೆ ಮನೇಲಿ ಆಡೋರು ಯಾರೂ ಉಳಿದಿಲ್ಲ, ಹಾಗಾಗಿ ಆ ಕೈದಿಗಳು ಹೇಳಿದ ಒಂದೊಂದು ಸಾಲೂ ನಂಗೆ ತುಂಬಾ ದೊಡ್ಡದು ಅನ್ಸುತ್ತೆ.

ಸರಿ, ಮಳೆಗೆ ಬರೋಣ. ಅವರಲ್ಲಿ ಗಂಡು ಮಳೆ ಬೇರೆ, ಹೆಣ್ಣು ಮಳೆ ಬೇರೆ. ಗುಡುಗು ಸಿಡಿಲು ಹೊತ್ಕೊಂಡು ನೆಲ ಕೊಚ್ಚೋದು ಗಂಡು, ಮೆತ್ತಗೆ ಸೋನೆ ಹಿಡಿದು ಮಣ್ಣೊಳಗೆ ಇಳಿಯೋದು ಹೆಣ್ಣು. ಮಳೆ ತರಿಸೋರು ಅಂತಾನೇ ಮಾಂತ್ರಿಕರಿದ್ರು, ಅವರು ನೀರಿನ ಗುಂಡಿಯಿಂದ ಮಳೆ ಪ್ರಾಣಿಯ ಕೊಂಬಿಗೆ ಚರ್ಮದ ಹಗ್ಗ ಹಾಕಿ ಮೇಲೆಳೆದು, ಬಯಲ ಮೇಲೆ ನಡೆಸ್ಕೊಂಡು ಹೋಗಿ ಕಡಿತಿದ್ರು, ಅದರ ರಕ್ತ ಹಾಲು ಹರಿದಲ್ಲೆಲ್ಲ ಮಳೆ ಅನ್ನೋ ನಂಬಿಕೆ. 1873ರಲ್ಲಿ ಜೋಸೆಫ್ ಆರ್ಪೆನ್ ಅನ್ನೋ ಅಧಿಕಾರಿ ಈಗಿನ ಲೆಸೊಥೊದ ಮಲೂಟಿ ಬೆಟ್ಟಗಳಲ್ಲಿ ಬಂಡೆ ಚಿತ್ರಗಳನ್ನ ನಕಲು ಮಾಡ್ಕೊಂಡ್ರು, ಅದರಲ್ಲೂ ಜನ ಇಂಥದ್ದೇ ಒಂದು ಪ್ರಾಣೀನ ಹಗ್ಗ ಹಿಡಿದು ನಡೆಸ್ತಾ ಇದ್ದಾರೆ. ಕರೂ ಎಲ್ಲಿ, ಮಲೂಟಿ ಎಲ್ಲಿ, ಆದ್ರೂ ಅದೇ ಮಳೆ ಪ್ರಾಣಿ!

ಈಗ ಕೋಪದ ವಿಷಯ. ಹೊಸದಾಗಿ ಮೈನೆರೆದ ಹುಡುಗಿ ಬೇರೆ ಗುಡಿಸಲಲ್ಲಿ ಇರ್ಬೇಕು, ಹೊರಗೆ ತಿರುಗಬಾರದು, ಇಲ್ಲಾಂದ್ರೆ ಕ್ವಾ, ಅಂದ್ರೆ ಮಳೆರಾಯ, ಸಿಡಿಲು ಹೊಡಿತಾನೆ. ಒಂದು ಕಥೇಲಿ ಒಬ್ಬ ಹುಡುಗಿ ಮನೆಯವರು ಕೊಟ್ಟಿದ್ದನ್ನ ತಿನ್ನದೆ, ಕದ್ದು ಹೋಗಿ ನೀರಿನ, ಅಂದ್ರೆ ಕ್ವಾನ, ಮಕ್ಕಳನ್ನ ಕೊಂದು ಬೇಯಿಸಿ ತಿಂತಾಳೆ. ಮೋಡ ಕವಿಯುತ್ತೆ, ಸುಂಟರಗಾಳಿ ಅವಳನ್ನ ಎತ್ಕೊಂಡು ಹೋಗಿ ಚಿಲುಮೆಗೆ ಹಾಕುತ್ತೆ, ಅವಳು ಕಪ್ಪೆ ಆಗ್ತಾಳೆ. ಅವಳ ಮನೆ ಹೆಂಗಸರೂ ಕಪ್ಪೆ. ದೂರದ ಬಯಲಲ್ಲಿ ಏನೂ ಅರಿಯದ ಅಪ್ಪನ್ನೂ ಗಾಳಿ ಬಿಡಲ್ಲ, ಅವನ ಬಾಣಗಳು ಚಿಲುಮೆ ಪಕ್ಕ ಗಿಡಗಳಾಗಿ ಬೆಳ್ಕೊಳ್ತವೆ.

[ದೃಶ್ಯ: ಮಂಜು, ಒಂದು ದೊಡ್ಡ ಮರ]

ಆದ್ರೆ ನಂಗೆ ಇಷ್ಟವಾದ ಕಥೆ ಇನ್ನೊಂದು. ಕ್ವಾ ಹೋರಿ ರೂಪದಲ್ಲಿ ಒಬ್ಬ ಹೆಣ್ಣುಮಗಳನ್ನ ಹುಡುಕ್ಕೊಂಡು ಬರ್ತಾನೆ, ಅವನ ಉಸಿರಿಗೆ ಸುತ್ತ ಎಲ್ಲ ಮಂಜು ಕವಿದುಬಿಡುತ್ತೆ. ಅವಳು ಕಿರುಚಲ್ಲ, ಓಡಲ್ಲ. ಮಗೂನ ಪಕ್ಕಕ್ಕೆ ಮಲಗಿಸಿ ಹೋರಿ ಮೇಲೆ ಹತ್ತಿ ಕೂತು, ಆ ದೊಡ್ಡ ಮರದ ಹತ್ರ ನಡಿ ಅಂತಾಳೆ. ಅಲ್ಲಿ ಬುಕು ಅನ್ನೋ ಘಮಘಮ ಗಿಡದ ಪುಡೀನ ಅದರ ಕತ್ತಿಗೆ ತಿಕ್ತಾಳೆ, ಆ ವಾಸನೆಗೆ ಹೋರಿಗೆ ಗಾಢ ನಿದ್ದೆ. ಇವಳು ಮೆಲ್ಲಗೆ ಮರ ಹತ್ತಿ, ಆಚೆ ಕಡೆ ಇಳಿದು ಮನೆ ಸೇರ್ತಾಳೆ. ಹೋರಿ ಎದ್ದು, ಬೆನ್ನ ಮೇಲೆ ಅವಳಿನ್ನೂ ಕೂತಿದ್ದಾಳೆ ಅಂದ್ಕೊಂಡೇ ತನ್ನ ಚಿಲುಮೆಗೆ ವಾಪಸ್ ನಡೆದುಹೋಗುತ್ತೆ. ಊರಲ್ಲಿ ಮುದುಕಿಯರು ಕೊಂಬು ಸುಟ್ಟು ಹೊಗೆ ಎಬ್ಬಿಸ್ತಾರೆ, ಅದರ ವಾಸನೆ ಮೇಲಕ್ಕೆ ಹೋಗ್ಲಿ, ಮಳೆಗೆ ಸಿಟ್ಟು ಬರದೇ ಇರ್ಲಿ ಅಂತ.