ತೋಪು ಎಲ್ಲಿ ನಿಲ್ಲಿಸ್ತೀರಿ?

ಎಲ್ಲರಿಗೂ ನಮಸ್ಕಾರ.

ಮೊದಲು ನನ್ನ ಒಂದು ಸೋಲಿನ ಕಥೆ ಹೇಳಿಬಿಡುತ್ತೇನೆ. ‘ನೆಪೋಲಿಯನ್: ಟೋಟಲ್ ವಾರ್’ ಆಟವನ್ನು ಆಗಷ್ಟೇ ಹಾಕಿಕೊಂಡಿದ್ದೆ. 2010ರಲ್ಲಿ ಬಂದದ್ದು, ಬ್ರಿಟನ್ನಿನ ಕ್ರಿಯೇಟಿವ್ ಅಸೆಂಬ್ಲಿಯವರ ಕಂಪ್ಯೂಟರ್ ಯುದ್ಧದ ಆಟ. ಆಟದ ಖಜಾನೆಯಲ್ಲಿದ್ದ ದುಡ್ಡೆಲ್ಲ ಸುರಿದು 12 ಪೌಂಡಿನ, ಅಂದರೆ 12 ಪೌಂಡ್ ತೂಕದ ಗುಂಡು ಹಾರಿಸುವ, ಭಾರಿ ತೋಪುಗಳನ್ನು ತರಿಸಿದೆ. ಅಷ್ಟು ದುಬಾರಿ ಸಾಮಾನು ಹಾಳಾಗಬಾರದು ಅಲ್ವಾ? ಬಯಲಿನಲ್ಲಿ ಕಾಲಾಳುಗಳ ಸಾಲು ನಿಲ್ಲಿಸಿ, ಅವರ ಬೆನ್ನ ಹಿಂದೆ ತೋಪುಗಳನ್ನು ಜೋಪಾನವಾಗಿ ಇಟ್ಟೆ. ಶತ್ರು ಹತ್ತಿರ ಬಂದ. ತೋಪು ಸಿಡಿದವು. ನನ್ನದೇ ಸಿಪಾಯಿಗಳು ಬೆನ್ನಿಗೆ ಗುಂಡು ಬಿದ್ದು ಉರುಳತೊಡಗಿದರು. ಹಿಂದೆ ನಿಂತು ನೋಡುತ್ತಿದ್ದ ತಮ್ಮ ಕೇಳಿದ: “ಅಣ್ಣಾ, ನೀನು ಯಾವ ಕಡೆಯವನು?”

ಅವತ್ತು ಒಂದು ವಿಷಯ ತಲೆಗೆ ಹೋಯಿತು. ತೋಪಿನ ಮುಕ್ಕಾಲು ಕೆಲಸ ಯುದ್ಧ ಶುರುವಾಗುವ ಮುಂಚೆಯೇ ಮುಗಿದಿರುತ್ತದೆ. ಸೇನೆ ಜೋಡಿಸಲು ಆಟ ನಮಗೆ ಸಮಯ ಕೊಡುತ್ತದಲ್ಲ, ಅಲ್ಲೇ. ಬಹಳ ಜನ ಅದನ್ನು ದಾಟಿಸಿ ಸೀದಾ ‘ಯುದ್ಧ ಶುರು’ ಬಟನ್ ಒತ್ತುತ್ತಾರೆ.

ನಾನು ಈಗ ಏನು ಮಾಡುತ್ತೇನೆ ಅಂದರೆ, ತೋಪು ನಿಲ್ಲಿಸಿದ ಮೇಲೆ ಕ್ಯಾಮೆರಾವನ್ನು ಕೆಳಗಿಳಿಸುತ್ತೇನೆ. ತೀರಾ ಕೆಳಗೆ, ಗಾಡಿಯ ಚಕ್ರದ ಮಟ್ಟಕ್ಕೆ. ಅಲ್ಲಿಂದ ಮುಂದೆ ನೋಡಿದರೆ ಏನು ಕಾಣುತ್ತೋ ಅಷ್ಟೇ ಆ ತೋಪಿನ ಪ್ರಪಂಚ. ಮೇಲಿಂದ ನೋಡಿದಾಗ ಚಪ್ಪಟೆ ಅನಿಸಿದ್ದ ಹೊಲದಲ್ಲಿ ಒಂದು ಉಬ್ಬು ಇರುತ್ತದೆ. ಅದರ ಆಚೆಗೆ ಒಂದು ಇಡೀ ರೆಜಿಮೆಂಟ್ ಆರಾಮಾಗಿ ಅಡಗಿ ನಿಲ್ಲಬಹುದು. ಮುಂದೆ ನಮ್ಮವರ ಟೋಪಿಗಳು ಕಂಡರೆ ಗುಂಡು ಬೀಳುವುದೂ ಆ ಟೋಪಿಗಳಿಗೇ. ಆಗ ಒಂದೋ ತೋಪನ್ನು ದಿಬ್ಬದ ಮೇಲೆ ಏರಿಸಬೇಕು, ಇಲ್ಲ ಕಾಲಾಳುಗಳ ನಡುವೆ ಕಿಂಡಿ ಬಿಡಬೇಕು.

ಇನ್ನೊಂದು ಉಪಾಯ, ತೋಪನ್ನು ಪಕ್ಕಕ್ಕೆ ಸರಿಸುವುದು. ನನಗೆ ಇದೇ ಇಷ್ಟ. ಎದುರಿನಿಂದ ಹೊಡೆದ ಗುಂಡು ಮೂರು ಸಾಲಿನ ಸೈನ್ಯವನ್ನು ತೂರಿ ಹೋದರೆ ಎರಡೋ ಮೂರೋ ಜನ ಬೀಳುತ್ತಾರೆ. ಅದೇ ಗುಂಡು ಓರೆಯಾಗಿ, ಸಾಲಿನ ಉದ್ದಕ್ಕೂ ಪುಟಿಯುತ್ತಾ ಹೋದರೆ? ಆಟದಲ್ಲೂ ಗಟ್ಟಿ ಗುಂಡು ನೆಲಕ್ಕೆ ಬಡಿದು ಪುಟಿಯುತ್ತದೆ. ಗೋಲಿ ಆಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಪುಟಿಯುವ ವಿಷಯ ಬಂತಲ್ಲ, ನೆಪೋಲಿಯನ್ ಸೋತ ವಾಟರ್‌ಲೂ ಯುದ್ಧ ನೆನಪಾಗುತ್ತದೆ. 1815ರ ಜೂನ್ 18. ಹಿಂದಿನ ರಾತ್ರಿ ಜೋರು ಮಳೆ. ನೆಲ ಕೆಸರಾಗಿದ್ದರೆ ಗುಂಡು ಪುಟಿಯುವುದಿಲ್ಲ, ಹೂತು ಹೋಗುತ್ತದೆ. ತೋಪು ಎಳೆಯುವುದೂ ಕಷ್ಟ. ನೆಪೋಲಿಯನ್ ಬೆಳಗಿನ ಹೊತ್ತನ್ನೆಲ್ಲ ಕಳೆದು, ಮಧ್ಯಾಹ್ನ ಹತ್ತಿರವಾದಾಗ ಯುದ್ಧ ಶುರು ಮಾಡಿದ. ಅವನೇ ತೋಪಿನ ದಳದಲ್ಲಿ ಅಧಿಕಾರಿಯಾಗಿ ಬೆಳೆದವನು, 1793ರಲ್ಲಿ ಫ್ರಾನ್ಸಿನ ಬಂದರು ಟೂಲಾನ್‌ನಲ್ಲಿ ತೋಪುಗಳನ್ನು ಸರಿಯಾದ ಜಾಗದಲ್ಲಿ ಕೂರಿಸಿಯೇ ಹೆಸರು ಮಾಡಿದವನು. ಆ ಕಡೆ ಬ್ರಿಟಿಷ್ ಸೇನಾಪತಿ ವೆಲ್ಲಿಂಗ್ಟನ್ ತನ್ನ ಸೈನಿಕರಲ್ಲಿ ಬಹಳಷ್ಟು ಜನರನ್ನು ದಿಬ್ಬದ ಆಚೆ ಇಳಿಜಾರಿನಲ್ಲಿ ಇಟ್ಟಿದ್ದ. ಫ್ರೆಂಚರ ತೋಪಿಗೆ ಅವರು ಕಾಣುತ್ತಲೇ ಇರಲಿಲ್ಲ.

ಈ ತಂತ್ರ ಆಟದಲ್ಲೂ ನಡೆಯುತ್ತದೆ. ಶತ್ರುವಿನ ತೋಪು ನಮ್ಮದಕ್ಕಿಂತ ಜಾಸ್ತಿ ಇದ್ದರೆ ನಾನು ಸೇನೆಯನ್ನು ದಿಬ್ಬದ ಹಿಂದೆ ಇಡುತ್ತೇನೆ. ನಮ್ಮ ಮೇಲೆಯೇ ಯಾರಾದರೂ ಈ ಆಟ ಆಡಿದರೆ ಹೌವಿಟ್ಜರ್ ಬೇಕು. ಅದು ಗುಂಡನ್ನು ಎತ್ತರಕ್ಕೆ ಎಸೆದು ಆಚೆ ಬೀಳಿಸುತ್ತದೆ. ಓಡುವ ಕುದುರೆಗಳ ಮೇಲೆ ಮಾತ್ರ ಅದನ್ನು ಹಾರಿಸಬೇಡಿ, ಗುಂಡು ಕೆಳಗೆ ಬರುವಷ್ಟರಲ್ಲಿ ಅವು ಇನ್ನೆಲ್ಲೋ ಇರುತ್ತವೆ.

ಈಗ ಕ್ಯಾನಿಸ್ಟರ್. ತಗಡಿನ ಡಬ್ಬಿ, ಒಳಗೆ ಸಣ್ಣ ಸಣ್ಣ ಗುಂಡುಗಳು. ಬಾಯಿಂದ ಹೊರಬಿದ್ದ ಕೂಡಲೇ ಡಬ್ಬಿ ಒಡೆದು ಎಲ್ಲ ಚದುರುತ್ತವೆ. ದೂರಕ್ಕೆ ಉಪಯೋಗವಿಲ್ಲ. ಹತ್ತಿರದಲ್ಲಿ ಇದರಷ್ಟು ಭಯಂಕರ ಇನ್ನೊಂದಿಲ್ಲ. ಹೊಸಬರು ಇಲ್ಲಿ ಎಡವುತ್ತಾರೆ. ಶತ್ರು ಮೈಮೇಲೆ ಬಂದ ಮೇಲೆ ಗುಂಡು ಬದಲಾಯಿಸುವ ಬಟನ್ ಹುಡುಕುತ್ತಾರೆ. ಅಷ್ಟರಲ್ಲಿ ಬಂದೂಕಿನ ತುದಿಯ ಬಯೊನೆಟ್ ಚುಚ್ಚಿ ಆಗಿರುತ್ತದೆ. ಅವರು ಇನ್ನೂ ನಡೆದು ಬರುತ್ತಿರುವಾಗಲೇ ಕ್ಯಾನಿಸ್ಟರ್‌ಗೆ ಬದಲಾಯಿಸಿ ಕಾಯಬೇಕು. ಆ ಒಂದೆರಡು ಸರದಿ ಗುಂಡು ಸುಮ್ನೆ ವ್ಯರ್ಥ ಆಯ್ತಲ್ಲ ಅಂತ ಹೊಟ್ಟೆ ಉರಿಯುತ್ತದೆ. ಉರಿಯಲಿ ಬಿಡಿ.

1807ರಲ್ಲಿ ಫ್ರೀಡ್‌ಲ್ಯಾಂಡ್‌ನಲ್ಲಿ ಸೆನಾರ್ಮೋಂ ಎಂಬ ಫ್ರೆಂಚ್ ಜನರಲ್ ಇದನ್ನು ತಲೆಕೆಳಗು ಮಾಡಿದ. ಶತ್ರು ಬರಲಿ ಅಂತ ಕಾಯಲೇ ಇಲ್ಲ. 30ರಷ್ಟು ತೋಪುಗಳನ್ನು ಒಟ್ಟುಗೂಡಿಸಿ, ಹೊಡೆಯುತ್ತಾ, ಮುಂದಕ್ಕೆ ಎಳೆಯುತ್ತಾ, ಮತ್ತೆ ಹೊಡೆಯುತ್ತಾ, ರಷ್ಯನ್ನರಿಗೆ 150 ಹೆಜ್ಜೆಗಿಂತಲೂ ಹತ್ತಿರ ಹೋಗಿ ಕ್ಯಾನಿಸ್ಟರ್ ಸುರಿದ. ಆಟದಲ್ಲಿ ಇದನ್ನು ಮಾಡಬೇಕಾದರೆ ಕುದುರೆ ತೋಪು ತಗೊಳ್ಳಿ, ಅಂದರೆ ತೋಪಿನವರೂ ಕುದುರೆ ಮೇಲೇ ಬರುವ ಹಗುರ ತೋಪು. ಚಕಚಕನೆ ಹೋಗಿ ನಿಲ್ಲುತ್ತವೆ, ಅಷ್ಟೇ ಬೇಗ ಕಿತ್ತುಕೊಂಡು ಬರುತ್ತವೆ. 12 ಪೌಂಡಿನದನ್ನು ಹೀಗೆ ಓಡಾಡಿಸಲು ಹೋದರೆ ಗಾಡಿಗೆ ಕಟ್ಟುವಾಗಲೇ ಕುದುರೆ ಸವಾರರು ಬಂದು ಕಥೆ ಮುಗಿಸುತ್ತಾರೆ. ನಾಲ್ಕು ಸಲ ನನಗೇ ಆಗಿದೆ. ಆಮೇಲಿಂದ ತೋಪಿನ ಪಕ್ಕ ಒಂದು ಕಾಲಾಳು ತುಕಡಿ ಇಟ್ಟೇ ಇಡುತ್ತೇನೆ, ಕುದುರೆ ಸವಾರರನ್ನು ತಡೆಯಲು ನಾಲ್ಕು ಕಡೆಗೂ ಮುಖ ಮಾಡಿ ಚೌಕ ಕಟ್ಟಲು ಬರುವಂಥದ್ದು.

ಎಷ್ಟು ತೋಪು ಬೇಕು ಅಂತ ಎಲ್ಲರೂ ಕೇಳುತ್ತಾರೆ. ಒಂದು ಸೇನೆಗೆ 20 ತುಕಡಿಗಳ ಮಿತಿ ಇದೆ. ನನ್ನ ಲೆಕ್ಕ ಮೂರು, ಹೆಚ್ಚೆಂದರೆ ನಾಲ್ಕು. ಸತ್ತವರ ಪಟ್ಟಿ ನೋಡಿ ‘ಇಷ್ಟೇನಾ’ ಅಂತ ತೋಪನ್ನು ಬಯ್ಯಬೇಡಿ. ದೂರದಿಂದ ಏಟು ತಿನ್ನುತ್ತಾ ನಿಂತ ಶತ್ರುವಿಗೆ ತಾಳ್ಮೆ ಕೆಟ್ಟು, ಅವನ ಒಳ್ಳೆಯ ದಿಬ್ಬ ಬಿಟ್ಟು ನಮ್ಮ ಬಂದೂಕುಗಳ ಎದುರಿಗೆ ನಡೆದು ಬಂದದ್ದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಆ ಕೆಲಸ ಪಟ್ಟಿಯಲ್ಲಿ ಬರೆದಿರುವುದಿಲ್ಲ.

ನಮ್ಮೂರಿನ ಮಾತು ಒಂದು ಹೇಳದೆ ಇರಲಾರೆ. ಇದೇ ಸರಣಿಯ 2009ರ ಆಟ ‘ಎಂಪೈರ್: ಟೋಟಲ್ ವಾರ್’ನ ನಕಾಶೆಯಲ್ಲಿ ಮೈಸೂರು ಇದೆ. ಆದರೆ ಭಾರತದ ಕಡೆಯಿಂದ ನಾವು ಆಡಬಹುದಾದದ್ದು ಮರಾಠರನ್ನು ಮಾತ್ರ. ನನಗೆ ಇದು ಇವತ್ತಿಗೂ ಬೇಜಾರು. ಆ ಆಟದ ರಾಕೆಟ್ ತುಕಡಿಯ ಹಿಂದೆ ಇರುವುದು ಬ್ರಿಟಿಷರ ಕಾಂಗ್ರೀವ್ ರಾಕೆಟ್. ಅದರ ಹಿಂದೆ ಇರುವುದು ಕಬ್ಬಿಣದ ಕೊಳವೆಯ ಮೈಸೂರಿನ ಬಾಣ, ಅಂದರೆ ನಮ್ಮ ರಾಕೆಟ್! 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬ್ರಿಟಿಷರು ಅದನ್ನು ನೋಡಿಯೇ ತಮ್ಮದನ್ನು ಮಾಡಿದರು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಹಳೇ ಬಾವಿಯೊಂದರಲ್ಲಿ ಇಂಥ ಸಾವಿರಕ್ಕೂ ಹೆಚ್ಚು ಬಾಣಗಳು ಸಿಕ್ಕಿದ್ದು ನಿಮಗೆ ನೆನಪಿರಬಹುದು. ಆಟದ ರಾಕೆಟ್ಟು ಎಲ್ಲಿಗೆ ಗುರಿ ಇಟ್ಟರೂ ಅದಕ್ಕೆ ಇಷ್ಟ ಬಂದ ಕಡೆ ಹೋಗುತ್ತದೆ. ಒಂಟಿ ತುಕಡಿಗೆ ಗುರಿ ಇಡುವ ಬದಲು ಜನ ದಟ್ಟವಾಗಿರುವ ಕಡೆ ಬಿಡಿ, ಸಾಯದಿದ್ದರೂ ಹೆದರುತ್ತಾರೆ.

ಸರಿ, ಪರದೆಯ ಮೇಲೆ ಯುದ್ಧಭೂಮಿ ಬಂತು. ಎಡಗಡೆ ದಿಬ್ಬ, ಬಲಕ್ಕೆ ಕಾಡು, ನಡುವೆ ಗೋಧಿ ಹೊಲ. ಮೂರು ತೋಪಿನ ತುಕಡಿ ಕೊಟ್ಟಿದ್ದೇನೆ. ಹಿಂದಿನ ಸಾಲಿನ ತಂಗೀ, ನೀವು ಆಗಲೇ ಕೈ ಎತ್ತಿದ್ರಿ. ಬನ್ನಿ, ಮೌಸ್ ತಗೊಳ್ಳಿ. ಮೊದಲು ಕ್ಯಾಮೆರಾ ಕೆಳಗಿಳಿಸಿ.