ನಡುಕ ನಿಂತರೆ ಹುಷಾರು

ನಮಸ್ಕಾರ. ಚಳಿಯಲ್ಲಿ ಜೊತೆಗಿರುವವರು ಗಡಗಡ ನಡುಗುತ್ತಿದ್ದರೆ ನನಗೆ ಅಷ್ಟು ಭಯವಿಲ್ಲ. ಮೈ ತನ್ನನ್ನು ತಾನೇ ಬಿಸಿ ಮಾಡಿಕೊಳ್ಳುತ್ತಿದೆ ಅಂತ ಅರ್ಥ. ಚಳಿ ಹಾಗೇ ಇದ್ದು ನಡುಕ ಮಾತ್ರ ನಿಂತುಹೋಯಿತಾ, ಆಗ ಹೆದರಬೇಕು.

ಮೈಯೊಳಗಿನ ಬಿಸಿ ಸುಮಾರು 37 ಡಿಗ್ರಿ ಸೆಲ್ಸಿಯಸ್. 35ಕ್ಕಿಂತ ಕೆಳಗಿಳಿದರೆ ಹೈಪೋಥರ್ಮಿಯಾ. ಬರೀ ಎರಡು ಡಿಗ್ರಿ, ಅಲ್ವಾ? 32ರ ಹತ್ತಿರ ಬರುವಷ್ಟರಲ್ಲಿ ನಡುಕ ಕಡಿಮೆಯಾಗಿ ಬುದ್ಧಿ ಮಂಕಾಗುತ್ತದೆ. ಕೇಳಿದರೆ 'ನಂಗೇನೂ ಆಗಿಲ್ಲ ಬಿಡಿ' ಅನ್ನುತ್ತಾರೆ. ನಂಬಬೇಡಿ, ಕೈ ನೋಡಿ. ಜಾಕೆಟ್ಟಿನ ಜಿಪ್ ಹಿಡಿಯಲು ಹೋಗಿ ಬೆರಳು ಮತ್ತೆ ಮತ್ತೆ ಜಾರುತ್ತಿದೆಯಾ? ಮಾತು ತೊದಲುತ್ತಿದೆಯಾ, ಕಾಲು ಎಡವುತ್ತಿದೆಯಾ, ಸುಮ್ನೆ ಸಿಡಿಮಿಡಿ ಮಾಡುತ್ತಿದ್ದಾರಾ? ತೀರಾ ಹದಗೆಟ್ಟಾಗ ಕೆಲವರು ಸೆಕೆ ಅಂತ ಬಟ್ಟೆ ಕಿತ್ತೆಸೆಯುವುದೂ ಉಂಟು. ಮನೆಯಲ್ಲಿರುವ ಮಾಮೂಲಿ ಥರ್ಮಾಮೀಟರನ್ನು ನೆಚ್ಚಿಕೊಳ್ಳಬೇಡಿ, ಅದು ಜ್ವರ ನೋಡಲು ಮಾಡಿದ್ದು, ಅಷ್ಟು ಕೆಳಗಿನ ಲೆಕ್ಕವನ್ನು ಸರಿಯಾಗಿ ತೋರಿಸದೇ ಇರಬಹುದು.

ಇದಕ್ಕೆ ಹಿಮವೇ ಬೀಳಬೇಕು ಅಂತೇನಿಲ್ಲ. 10 ಡಿಗ್ರಿಯಲ್ಲಿ ಮಳೆ, ಗಾಳಿ ಸೇರಿದರೂ ಸಾಕು. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈಬಿಸಿ ಎಳೆದುಕೊಳ್ಳುತ್ತದೆ. ನೆಂದ ಹತ್ತಿ ಬಟ್ಟೆ ಮೈಗಂಟಿಕೊಂಡು ಇನ್ನಷ್ಟು ತಣ್ಣಗೆ ಮಾಡುತ್ತದೆ, ಉಣ್ಣೆ ಒದ್ದೆಯಾದರೂ ಅಷ್ಟಿಷ್ಟು ಕಾಪಾಡುತ್ತದೆ. ಬೆವರೂ ನೀರೇ, ಹಾಗಾಗಿ ಏರು ಹತ್ತುವಾಗ ಬೆವರುವ ಮೊದಲೇ ಒಂದು ಪದರ ಕಳಚಿ, ನಿಂತ ಕೂಡಲೇ ಮತ್ತೆ ಹಾಕಿಕೊಳ್ಳಿ.

ಆಗಿಯೇ ಹೋಯಿತು ಅನ್ನಿ. ಮೊದಲು ಆಂಬುಲೆನ್ಸ್ ಕರೆಯಿರಿ. ಗಾಳಿ ಬಡಿಯದ ಕಡೆ ಮೆಲ್ಲಗೆ ಮಲಗಿಸಿ, ಒದ್ದೆ ಬಟ್ಟೆ ತೆಗೆದು, ತಲೆ ಸಮೇತ ಕಂಬಳಿ ಸುತ್ತಿ, ಕೆಳಗೂ ಏನಾದರೂ ದಪ್ಪಗೆ ಹಾಸಿ, ಯಾಕಂದರೆ ನೆಲವೂ ಬಿಸಿ ಹೀರುತ್ತದೆ. ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಎದೆಗೆ, ಕಂಕುಳಿಗೆ ಇಡಿ. ಕೈಕಾಲು ತಿಕ್ಕುವುದು, ಬಿಸಿನೀರಿಗೆ ಇಳಿಸುವುದು ಬೇಡವೇ ಬೇಡ. ತಣ್ಣಗಾದ ಎದೆ ಬಹಳ ನಾಜೂಕು, ಒರಟಾಗಿ ಎಳೆದಾಡಿದರೂ ಬಡಿತ ತಪ್ಪಬಹುದು. ಎಚ್ಚರವಿದ್ದು ನುಂಗಲು ಬಂದರೆ ಬೆಚ್ಚಗಿನ ಸಿಹಿ ಪಾನೀಯ ಕೊಡಿ. ಒಂದು ಪೆಗ್ ಹಾಕಿದರೆ ಬೆಚ್ಚಗಾಗುತ್ತದೆ ಅನ್ನುವ ಮಾತಿದೆಯಲ್ಲ, ಅದು ಚರ್ಮಕ್ಕೆ ಮಾತ್ರ. ಒಳಗಿನ ಬಿಸಿ ಅಲ್ಲಿಂದಲೇ ಸೋರಿಹೋಗುತ್ತದೆ.

ಉಸಿರಿಲ್ಲ, ಮೈ ಮಂಜುಗಡ್ಡೆಯಂತಿದೆ ಅಂದರೂ ಕೈಬಿಡಬೇಡಿ. ಎದೆ ಒತ್ತುತ್ತಲೇ ಇರಿ. 1999ರಲ್ಲಿ ನಾರ್ವೆಯಲ್ಲಿ ಅನ್ನಾ ಬೋಗೆನ್‌ಹೋಮ್ ಎಂಬ ವೈದ್ಯೆ ಸ್ಕೀ ಮಾಡುವಾಗ ಬಿದ್ದು ಹಿಮದಡಿಯ ತೊರೆಯಲ್ಲಿ ಸಿಕ್ಕಿಕೊಂಡರು. ಮೈಬಿಸಿ 13.7 ಡಿಗ್ರಿಗೆ ಇಳಿದಿತ್ತು, ಎದೆಬಡಿತ ನಿಂತಿತ್ತು. ಅವರು ಬದುಕಿದರು, ಮತ್ತೆ ಆಸ್ಪತ್ರೆ ಕೆಲಸಕ್ಕೂ ಮರಳಿದರು.